ಮುಯ್ಯಿಯ ಲೆಕ್ಕ ಮುಗಿಸುವವರು ಯಾರು?

ನಮ್ಮ ಸೀಮೆಯ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿ ಇನ್ನೂ ಅಳಿದಿಲ್ಲ. ದೇವಾಲಯದಲ್ಲಿ ವಿವಾಹ ಸಂಸ್ಕಾರ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಅಕ್ಷರ ಬಲ್ಲ ಹಿರಿಯರೊಬ್ಬರು ಪುಸ್ತಕ ಬಿಚ್ಚಿ ಕೂರುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದು ಅದರಲ್ಲಿ ದಾಖಲಾಗುತ್ತದೆ. ನಾಳೆ ಅವರ ಮನೆಯ ಶುಭಕಾರ್ಯಕ್ಕೆ ನಾವು ಅಷ್ಟನ್ನಾದರೂ, ಸಾಧ್ಯವಾದರೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚನ್ನು, ಹಿಂದಿರುಗಿಸಬೇಕು. ಅಪ್ಪ ತೀರಿಕೊಂಡರೂ ಪುಸ್ತಕ ಉಳಿಯುತ್ತದೆ. ಮಗ ಆ ಲೆಕ್ಕ ತೀರಿಸುತ್ತಾನೆ. ಬಡವರ ಮನೆಯ ಮದುವೆಗಳು ನಡೆದು ಬಂದಿರುವುದೇ ಈ ಪರಸ್ಪರ ಋಣದ ಬಲದಿಂದ.

ಆದರೆ ಕನ್ನಡಿಗರು ಇದೇ ಮುಯ್ಯಿ ಎಂಬ ಮಾತನ್ನು ಸೇಡಿಗೂ ಬಳಸುತ್ತೇವೆ. ಮುಯ್ಯಿಗೆ ಮುಯ್ಯಿ ಎನ್ನುತ್ತೇವೆ, ಮುಯ್ಯಿ ತೀರಿಸಿಕೊಂಡ ಎನ್ನುತ್ತೇವೆ. ನಮ್ಮ ಪೂರ್ವಜರು ಯಾವ ಉದ್ದೇಶದಿಂದ ಎರಡಕ್ಕೂ ಒಂದೇ ಹೆಸರಿಟ್ಟರೋ ತಿಳಿಯದು. ಆದರೆ ಮನುಷ್ಯನ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರೆನ್ನದೆ ವಿಧಿಯಿಲ್ಲ. ಸೇಡಿಗೂ ಒಂದು ಪುಸ್ತಕವುಂಟು. ಅದೂ ತಂದೆಯಿಂದ ಮಗನಿಗೆ ಬರುತ್ತದೆ. ಅಲ್ಲಿಯೂ ಪಡೆದಷ್ಟಕ್ಕಿಂತ ಒಂದು ಹೆಚ್ಚು ಸೇರಿಸಿ ಹಿಂದಿರುಗಿಸುವುದೇ ಮರ್ಯಾದೆ ಎಂಬ ಭಾವನೆಯಿದೆ. ವ್ಯತ್ಯಾಸ ಇಷ್ಟೇ: ಮದುವೆಯ ಮುಯ್ಯಿಯನ್ನು ಕೊಟ್ಟವರಿಗೇ ಹಿಂದಿರುಗಿಸುತ್ತೇವೆ, ಸೇಡಿನ ಮುಯ್ಯಿ ಬಹುತೇಕ ವಿಳಾಸ ತಪ್ಪಿ, ಏನೂ ಕೊಡದವರ, ಏನೂ ಪಡೆಯದವರ ಬಾಗಿಲಿಗೆ ಹೋಗಿ ಬೀಳುತ್ತದೆ.

ತಪಸ್ಸು ಕಾಲದಲ್ಲಿ ಕ್ಷಮೆಯ ವಿಷಯ ನಮ್ಮ ದೇವಾಲಯಗಳ ಪ್ರಬೋಧನೆಗಳಲ್ಲಿ ಪ್ರತಿವರ್ಷವೂ ಬರುತ್ತದೆ. ನಾವು ತಲೆಯಾಡಿಸುತ್ತೇವೆ, ಮನೆಗೆ ಹೋಗುತ್ತೇವೆ, ಅದೇ ಪುಸ್ತಕವನ್ನು ಮತ್ತೆ ಬಿಚ್ಚುತ್ತೇವೆ. ದೂರದ ಸಂತರ ಕಥೆಗಳನ್ನು ಕೇಳಿ ಕಣ್ಣು ತೇವ ಮಾಡಿಕೊಳ್ಳುವ ನಾವು ನಮ್ಮದೇ ಬೆಟ್ಟದ ತಪ್ಪಲಿನಲ್ಲಿ ಮುಯ್ಯಿಯ ಲೆಕ್ಕ ಏನೆಲ್ಲ ಮಾಡಿತೆಂಬುದನ್ನು ಮಾತ್ರ ಬಾಯಿಬಿಟ್ಟು ಆಡುವುದಿಲ್ಲ. ಈ ವಾರ ಅದನ್ನು ಆಡಬೇಕೆಂದು ನಮಗೆ ತೋರಿದೆ.

ಮಳವಳ್ಳಿಯ ಕಡೆಯಿಂದ ಬಂದು, ಕಾವೇರಿ ದಾಟಿ, ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಿಂದ ಕೊಳ್ಳೇಗಾಲದತ್ತ ಹೊರಳುವ ದಾರಿಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಮಹದೇಶ್ವರನ ಭಕ್ತರು ನಡೆದು ಸವೆಸಿದ ದಾರಿ ಅದು. ಕಾಮಗೆರೆ, ಹನೂರು, ಕೌದಳ್ಳಿಗಳನ್ನು ಹಾದು, ಬೆಟ್ಟವೇರಿ, ಆಚೆ ಬದಿಗೆ ಇಳಿದರೆ ಪಾಲಾರ್. ಅಲ್ಲಿಂದ ಮುಂದೆ ತಮಿಳುನಾಡಿನ ಮೆಟ್ಟೂರು. ಈ ದಾರಿಯ ಎಡಬಲಗಳಲ್ಲಿ, ಮಾರ್ಟಳ್ಳಿ, ಸಂದನಪಾಳ್ಯದಂತಹ ಹಳ್ಳಿಗಳಲ್ಲಿ, ನಮ್ಮ ಮೈಸೂರು ಧರ್ಮಪ್ರಾಂತ್ಯದ ಹಳೆಯ ಕಥೋಲಿಕ ಕುಟುಂಬಗಳು ರಾಗಿ, ಜೋಳ ಬೆಳೆದು, ದನ ಮೇಯಿಸಿ ಬದುಕಿಕೊಂಡು ಬಂದಿವೆ. ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ. ಪ್ರಾರ್ಥನೆಗೆ ಎರಡೂ.

1993ನೆಯ ಇಸವಿ ಏಪ್ರಿಲ್ 9ರಂದು ಪಾಲಾರ್ ಸಮೀಪದ ಆ ಕಾಡುದಾರಿಯಲ್ಲಿ ವೀರಪ್ಪನ್ ಹೂತಿಟ್ಟಿದ್ದ ನೆಲಬಾಂಬುಗಳು ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಇಲಾಖೆಯವರಿದ್ದರು. ಆದರೆ ಹೆಚ್ಚಿನವರು ಪೊಲೀಸರಿಗೆ ಸುಳಿವು ನೀಡಲು, ದಾರಿ ತೋರಲು ಜೊತೆಗೆ ಹೊರಟಿದ್ದ ಸಾಮಾನ್ಯ ಜನ. ಪಂಚಾಂಗ ನೋಡುವವರು ಗಮನಿಸಬಹುದು: ಆ ದಿನ ಶುಭ ಶುಕ್ರವಾರವಾಗಿತ್ತು. ನಮ್ಮ ದೇವಾಲಯಗಳಲ್ಲಿ ಶಿಲುಬೆಹಾದಿ ನಡೆಯುವ ದಿನವೇ ಅದೇ ಬೆಟ್ಟಗಳ ನಡುವೆ ರಕ್ತ ಹರಿದಿತ್ತು.

ಆ ದಿನ ಒಮ್ಮೆಗೇ ಆಕಾಶದಿಂದ ಬಿದ್ದುದಲ್ಲ. ಅದರ ಹಿಂದೆ ಮುಯ್ಯಿಯ ಪುಟಗಳಿದ್ದವು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದಿದ್ದನು; ತನ್ನ ತಂಗಿಯ ಸಾವಿಗೆ ಅವರನ್ನೇ ಹೊಣೆಯಾಗಿಸಿದ್ದನು. ಮರುವರ್ಷ ಆತನ ಸಹಚರನೊಬ್ಬ ಪೊಲೀಸರ ಕೈಯಲ್ಲಿ ಹತನಾದನು. ಅದಾದ ಮೇಲೆ 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ರಾತ್ರಿ ದಾಳಿ ನಡೆದು ಐವರು ಪೊಲೀಸರು ಸತ್ತರು. ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಹಿಂದಿನ ದಿನ, ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಷಕೀಲ್ ಅಹ್ಮದ್ ಮತ್ತು ಅವರ ಸಂಗಡಿಗರನ್ನು ಬಲೆಗೆ ಕೆಡವಿ ಕೊಲ್ಲಲಾಯಿತು. ಎಂಟು ತಿಂಗಳ ಮೇಲೆ ಪಾಲಾರ್. ಪ್ರತಿ ಸಾವಿಗೂ ಅದರ ಹಿಂದಿನ ಸಾವೇ ನೆಪವಾಗಿ ನಿಂತಿತ್ತು.

ಪಾಲಾರ್ ನಂತರ ಪುಟ ತಿರುವಿದ್ದು ಇನ್ನೊಂದು ಕೈ. ವಿಶೇಷ ಕಾರ್ಯಪಡೆಯವರು ಕಾಡಂಚಿನ ಹಳ್ಳಿಗಳಿಗೆ ನುಗ್ಗಿದರು. ಕಳ್ಳನಿಗೆ ಅಕ್ಕಿ ಕೊಟ್ಟವರು ಯಾರು, ದಾರಿ ಹೇಳಿದವರು ಯಾರು ಎಂಬ ಹುಡುಕಾಟದಲ್ಲಿ ತಪ್ಪು ಮಾಡಿದವರೂ ಮಾಡದವರೂ, ಹೆಂಗಸರೂ ಗಂಡಸರೂ ಒಂದೇ ಹಗ್ಗಕ್ಕೆ ಬಿದ್ದರು. ಮಲೆ ಮಹದೇಶ್ವರ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಹೆಸರಾಗಿದ್ದ ಒಂದು ವಿಚಾರಣಾ ಕೇಂದ್ರವಿತ್ತು; ಆ ಹೆಸರು ಕೇಳಿದರೆ ಇಂದಿಗೂ ಮಾತು ನಿಲ್ಲಿಸುವ ಹಿರಿಯರು ಈ ಸೀಮೆಯಲ್ಲಿದ್ದಾರೆ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿ ಈ ದೂರುಗಳನ್ನು ಆಲಿಸಿತು. 2007ರಲ್ಲಿ ನೊಂದ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರ ನೀಡುವಂತೆ ಆಯೋಗ ಹೇಳಿತು. ಮಾಡದ ತಪ್ಪಿಗೆ ಏಟು ತಿಂದವರಿಗೆ ಹಣವೂ ಬೇಕು, ನಿಜ. ಆದರೆ ಹದಿನಾಲ್ಕು ವರ್ಷ ತಡವಾಗಿ ಬಂದ ಹಣದಿಂದ ಕಿವುಡಾದ ಕಿವಿ ಕೇಳಿಸಿತೆಂದು ಯಾರೂ ಹೇಳಲಾರರು.

ಟಾಡಾ ಕಾಯಿದೆಯಡಿ ನೂರಕ್ಕೂ ಹೆಚ್ಚು ಮಂದಿ ಆರೋಪಿಗಳಾದರು. ವರ್ಷಗಟ್ಟಲೆ ಮೈಸೂರಿನ ಸೆರೆಮನೆಯಲ್ಲಿ ಕೊಳೆತ ಮೇಲೆ 2001ರಲ್ಲಿ ಅವರಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಕೆಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಶಿಕ್ಷೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಾಲ್ವರಿಗೆ 2004ರ ಜನವರಿ 29ರಂದು ಆ ನ್ಯಾಯಾಲಯವು ಶಿಕ್ಷೆಯನ್ನು ಗಲ್ಲಿಗೇರಿಸಿತು. ಆ ನಾಲ್ವರಲ್ಲಿ ಮೂವರದು ಕ್ರೈಸ್ತ ಹೆಸರು. ರಾಷ್ಟ್ರಪತಿಗಳಿಗೆ ಸಲ್ಲಿಸಿದ ದಯಾಭಿಕ್ಷೆಯ ಅರ್ಜಿ ಒಂಬತ್ತು ವರ್ಷ ಕಡತದಲ್ಲಿ ಮಲಗಿ 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ನೇಣಿನ ಮಾತು ಕೇಳಿಬಂದಾಗ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. 2014ರ ಜನವರಿ 21ರಂದು, ಇಷ್ಟು ದೀರ್ಘಕಾಲ ಸಾವಿನ ನೆರಳಿನಲ್ಲಿರಿಸಿದ್ದೇ ಒಂದು ಕ್ರೌರ್ಯವೆಂಬ ನೆಲೆಯಲ್ಲಿ, ದೇಶದ ಒಟ್ಟು 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಈ ನಾಲ್ವರೂ ಇದ್ದರು. ಅವರಲ್ಲಿ ಸೆರೆವಾಸದಲ್ಲಿಯೇ ಪ್ರಾಣ ಬಿಟ್ಟವರಿದ್ದಾರೆ. ಒಬ್ಬರು 29 ವರ್ಷಗಳ ಮೇಲೆ, 2022ರ ಕೊನೆಯಲ್ಲಿ, ಅನಾರೋಗ್ಯದ ಕಾರಣ ಜಾಮೀನು ಪಡೆದು ಮನೆ ಸೇರಿದರು. ಅವರ ತಪ್ಪೊಪ್ಪುಗಳನ್ನು ತೂಗುವುದು ನಮ್ಮ ಕೆಲಸವಲ್ಲ, ನ್ಯಾಯಾಲಯ ತೂಗಿದೆ. ನಾವು ಕೇಳುವುದು ಬೇರೊಂದು ಪ್ರಶ್ನೆ. ಸತ್ತ 22 ಮಂದಿಯ ಮನೆಗಳೂ, ಸೆರೆಮನೆಗೆ ಹೋದವರ ಮನೆಗಳೂ, ‘ವರ್ಕ್‌ಶಾಪ್’ ಕಂಡು ಬಂದವರ ಮನೆಗಳೂ ಇರುವುದು ಕಾಡಿನ ಒಂದೇ ಅಂಚಿನಲ್ಲಿ. ಅವರ ಮಕ್ಕಳು ಒಂದೇ ಬಸ್ಸಿಗೆ ಕಾಯುತ್ತಾರೆ, ಒಂದೇ ಸಂತೆಗೆ ಬರುತ್ತಾರೆ. ಇವರ ನಡುವಿನ ಪುಸ್ತಕವನ್ನು ಮುಚ್ಚುವವರು ಯಾರು?

ಪವಿತ್ರ ಗ್ರಂಥದಲ್ಲಿ ಇಂತಹದೊಂದು ಪುಸ್ತಕ ಬಹಳ ಮೊದಲೇ ತೆರೆಯುತ್ತದೆ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನ ವಂಶದ ಲೆಮೆಕನೆಂಬುವನು ತನ್ನ ಇಬ್ಬರು ಹೆಂಡಂದಿರ ಮುಂದೆ ನಿಂತು ಕೊಚ್ಚಿಕೊಳ್ಳುತ್ತಾನೆ. ತನಗೆ ಗಾಯ ಮಾಡಿದ ಒಬ್ಬನನ್ನು ಕೊಂದುದಾಗಿ, ಕಾಯಿನನಿಗಾಗಿ ಏಳರಷ್ಟು ಸೇಡಾದರೆ ತನಗಾಗಿ ಎಪ್ಪತ್ತೇಳರಷ್ಟು ಆಗಬೇಕೆಂದು ಆತನ ಜಂಬ. ಗಾಯಕ್ಕೆ ಪ್ರಾಣ, ಅದರ ಮೇಲೆ ಎಪ್ಪತ್ತೇಳರ ಬಡ್ಡಿ. ಅನಂತರ ಬಂದ ಮೋಶೆಯ ಧರ್ಮಶಾಸ್ತ್ರ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂದಿತೆಂದು ನಾವು ಅದನ್ನು ಕ್ರೂರವೆಂದು ಬಗೆಯುತ್ತೇವೆ. ಆದರೆ ಲೆಮೆಕನ ಕಾಲದಿಂದ ನೋಡಿದರೆ ಅದೊಂದು ಕಡಿವಾಣ. ಒಂದು ಹಲ್ಲಿಗೆ ಒಂದೇ ಹಲ್ಲು, ಇಡೀ ಊರಲ್ಲ ಎಂಬುದೇ ಅದರ ತಾತ್ಪರ್ಯ. ನಮ್ಮ ಬೆಟ್ಟಗಳಲ್ಲಿ 1990ರ ದಶಕದಲ್ಲಿ ನಡೆದುದನ್ನು ಆ ಹಳೆಯ ಅಳತೆಯಿಂದ ಅಳೆದರೂ ಎರಡು ಕಡೆಯವರೂ ಲೆಮೆಕನ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ.

ಪ್ರಭು ಯೇಸುವಿನ ಬಳಿ ಪೇತ್ರನು ಬಂದು, ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದುದನ್ನು ಮತ್ತಾಯನ ಶುಭಸಂದೇಶ ಹದಿನೆಂಟನೆಯ ಅಧ್ಯಾಯದಲ್ಲಿ ಬರೆದಿದೆ. ಏಳು ಎಂದು ಹೇಳಿದಾಗ ಪೇತ್ರನು ತಾನು ಬಹು ಉದಾರಿಯೆಂದು ಭಾವಿಸಿದ್ದಿರಬೇಕು. ಪ್ರಭು ಕೊಟ್ಟ ಉತ್ತರದಲ್ಲಿ ಏಳರ ಮೇಲೆ ಎಪ್ಪತ್ತು ಬಂದು ನಿಲ್ಲುತ್ತದೆ. ನಾವು ಅದನ್ನು ಲೆಕ್ಕವಿಲ್ಲದಷ್ಟು ಎಂದು ಸರಿಯಾಗಿಯೇ ಅರ್ಥೈಸುತ್ತೇವೆ. ಆದರೆ ಆ ಸಂಖ್ಯೆ ಸುಮ್ಮನೆ ಬಂದುದಲ್ಲ. ಅದು ಲೆಮೆಕನ ಸಂಖ್ಯೆ. ಆತ ಸೇಡಿಗೆ ಕಟ್ಟಿದ ಮೊತ್ತವನ್ನೇ ಯೇಸು ಕ್ಷಮೆಯ ಕಡೆಗೆ ಬರೆದರು. ಕೂಡಲೇ ಅವರು ಹೇಳಿದ ಸಾಮತಿಯೂ ಸಾಲದ್ದೇ: ಅರಸನಿಂದ ಹತ್ತು ಸಾವಿರ ತಲೆಂತುಗಳ ಸಾಲ ಮನ್ನಾ ಮಾಡಿಸಿಕೊಂಡು ಹೊರಬಂದವನು ನೂರು ದೆನಾರಿಗಾಗಿ ಜೊತೆಯಾಳಿನ ಕುತ್ತಿಗೆ ಹಿಡಿದ ಕಥೆ. ಒಂದು ದೆನಾರಿ ಅಂದಿನ ಒಂದು ದಿನದ ಕೂಲಿ. ಒಂದು ತಲೆಂತು ಸುಮಾರು ಆರು ಸಾವಿರ ದೆನಾರಿ. ಎಷ್ಟು ತಲೆಮಾರು ದುಡಿದರೆ ಅರಸನ ಆ ಸಾಲ ತೀರುತ್ತಿತ್ತೆಂಬುದನ್ನು ಓದುಗರು ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಹಾಕಬಹುದು. ಪರಲೋಕ ಮಂತ್ರದಲ್ಲಿ ನಾವು ದಿನನಿತ್ಯ ಬೇಡುವ ಕ್ಷಮೆಗೆ ಮತ್ತಾಯನು ಬಳಸಿದ ಮೂಲ ಪದಕ್ಕೂ ಸಾಲವೆಂದೇ ಅರ್ಥ.

ಇಷ್ಟನ್ನು ಒಪ್ಪಿದ ಮೇಲೂ ಒಂದು ನ್ಯಾಯವಾದ ಆಕ್ಷೇಪ ಉಳಿಯುತ್ತದೆ. ಕ್ಷಮಿಸಿದರೆ ತಪ್ಪಿತಸ್ಥನಿಗೆ ಸಲುಗೆ ಕೊಟ್ಟಂತಾಗುವುದಿಲ್ಲವೆ? ಬಲಿಷ್ಠನು ಹೊಡೆಯುವುದು, ದುರ್ಬಲನು ಕ್ಷಮಿಸುವುದು, ಇದೇ ಕ್ರೈಸ್ತಧರ್ಮವೆ? ಈ ಪ್ರಶ್ನೆಗೆ ಉತ್ತರವನ್ನು ನಾವು ಇದೇ ಬೆಟ್ಟಗಳ ಕಥೆಯಲ್ಲಿ ಕಾಣುತ್ತೇವೆ. ಅದನ್ನು ಕೊಟ್ಟವರು ಕ್ರೈಸ್ತರೂ ಅಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಆತನ ಬೇಡಿಕೆಗಳಲ್ಲಿ ಟಾಡಾ ಬಂಧಿತರ ಬಿಡುಗಡೆಯೂ ಒಂದಾಗಿತ್ತು. ನಾಡು ತಳಮಳಿಸುತ್ತಿತ್ತು, ಸರ್ಕಾರ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಆಗ ಮೀಣ್ಯದಲ್ಲಿ ಮಡಿದ ಷಕೀಲ್ ಅಹ್ಮದ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದೇ ವರ್ಷ ನವೆಂಬರಿನಲ್ಲಿ ನ್ಯಾಯಾಲಯ ಅವರ ವಾದವನ್ನು ಎತ್ತಿಹಿಡಿಯಿತು. ಜನಪ್ರಿಯತೆ ತರುವ ಕೆಲಸವಾಗಿರಲಿಲ್ಲ ಅದು. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ಇನ್ನೊಂದು ಹೆಣವನ್ನಲ್ಲ. ವಿಚಾರಣೆ ನಡೆಯಲಿ ಎಂದು. ಆ ವಿಚಾರಣೆ ನಡೆದುದರಿಂದಲೇ ಬಹುಪಾಲು ಬಂಧಿತರು ಯಾರೋ ದೊರೆಯ ಕೃಪೆಯಿಂದಲ್ಲದೆ ನಿರ್ದೋಷಿಗಳೆಂಬ ತೀರ್ಪಿನೊಡನೆ ಹೊರಬಂದರು ಎಂಬುದನ್ನು ನಾವು ಮರೆಯಬಾರದು.

ಸೇಡೂ ನ್ಯಾಯವೂ ಒಂದೇ ಅಲ್ಲವೆಂಬುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಡ. ರೋಮಿನವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಸೇಡನ್ನು ದೇವರಿಗೆ ಬಿಟ್ಟುಬಿಡಿರೆಂದು ಹೇಳಿದ ಮರು ಅಧ್ಯಾಯದಲ್ಲಿಯೇ ದಂಡಿಸುವ ಅಧಿಕಾರ ಆಳುವವರಿಗೆ ಇದೆಯೆಂದೂ ಹೇಳಿದರು. ಜಗದ್ಗುರು ಎರಡನೆಯ ಜಾನ್ ಪಾಲರು 1981ರ ಮೇ 13ರಂದು ಗುಂಡೇಟು ತಿಂದರು. ನಾಲ್ಕೇ ದಿನಗಳಲ್ಲಿ, ಆಸ್ಪತ್ರೆಯ ಹಾಸಿಗೆಯಿಂದಲೇ, ಗುಂಡು ಹಾರಿಸಿದವನನ್ನು ಕ್ಷಮಿಸಿರುವುದಾಗಿ ಲೋಕಕ್ಕೆ ತಿಳಿಸಿದರು. 1983ರ ಡಿಸೆಂಬರ್ 27ರಂದು ರೋಮಿನ ಸೆರೆಮನೆಗೆ ಹೋಗಿ ಅವನೆದುರು ಕುರ್ಚಿ ಹಾಕಿಕೊಂಡು ಕುಳಿತು ಮಾತನಾಡಿದರು. ಆದರೂ ಆತ 2000ನೆಯ ಇಸವಿಯವರೆಗೆ ಇಟಲಿಯ ಸೆರೆಮನೆಯಲ್ಲಿಯೇ ಇದ್ದನು. ಹೃದಯದ ಕ್ಷಮೆ ಮೊದಲು ಬಂದಿತು, ಕಾನೂನಿನ ಕ್ಷಮೆ ಹತ್ತೊಂಬತ್ತು ವರ್ಷಗಳ ಮೇಲೆ. ಅವೆರಡರ ನಡುವೆ ಯಾವ ವಿರೋಧವನ್ನೂ ಆ ಮಹನೀಯರು ಕಾಣಲಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಲೇಬೇಕಾಗಿದೆ. ನಮ್ಮ ಮನೆಗಳಲ್ಲಿ ಕ್ಷಮೆಯ ಉಪದೇಶ ಯಾವಾಗಲೂ ಪೆಟ್ಟು ತಿಂದವರ ಕಡೆಗೇ ಹರಿಯುತ್ತದೆ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡ ಹೆಣ್ಣುಮಗಳಿಗೆ, ಯೇಸುವಪ್ಪ ಶಿಲುಬೆಯ ಮೇಲೂ ಕ್ಷಮಿಸಲಿಲ್ಲವೇನಮ್ಮ ಎಂದು ಬುದ್ಧಿ ಹೇಳಿ ಅದೇ ಮನೆಗೆ ಕಳುಹಿಸುವ ಹಿರಿಯರಿದ್ದಾರೆ. ತಂಗಿಯ ಪಾಲನ್ನು ನುಂಗಿದ ಅಣ್ಣ, ಹಬ್ಬದ ದಿನ ಬಂದು ಹಳೆಯದನ್ನು ಮರೆತುಬಿಡಮ್ಮ ಎನ್ನುತ್ತಾನೆ. ನುಂಗಿದ್ದನ್ನು ಮಾತ್ರ ಕಕ್ಕುವುದಿಲ್ಲ. ಇದು ಕ್ಷಮೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಹೊಡೆತ. ಸುಂಕದ ಜಕ್ಕಾಯನು ಪ್ರಭುವನ್ನು ಮನೆಗೆ ಬರಮಾಡಿಕೊಂಡಾಗ ಮೋಸದಿಂದ ಕಿತ್ತುಕೊಂಡುದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿ ಎದ್ದು ನಿಂತು ಹೇಳಿದನೆಂದು ಲೂಕನು ಬರೆದಿದ್ದಾನೆ. ಪಾಪನಿವೇದನೆಯ ಸಂಸ್ಕಾರದಲ್ಲಿಯೂ ಕೆಡಿಸಿದ್ದನ್ನು ಸರಿಪಡಿಸುವ ಹೊಣೆಯನ್ನು ಧರ್ಮಸಭೆ ಎಂದೂ ಬಿಟ್ಟುಕೊಟ್ಟಿಲ್ಲ. ಕ್ಷಮಿಸಿದ ಹೆಂಗಸು ಹೊಡೆಯುವವನ ಮನೆಗೆ ಮರಳಬೇಕಾಗಿಲ್ಲ. ಕ್ಷಮಿಸಿದ ತಂಗಿ ತನ್ನ ಪಾಲಿನ ದಾವೆಯನ್ನು ಹಿಂತೆಗೆದುಕೊಳ್ಳಬೇಕಾಗಿಲ್ಲ. ಅಣ್ಣನ ಮಕ್ಕಳ ಮೇಲೆ ಆ ಹಗೆಯನ್ನು ಹಾಯಿಸದಿದ್ದರೆ ಅವಳು ಕ್ಷಮಿಸಿದ್ದಾಳೆ.

ಕ್ಷಮೆಯಿಂದ ತಕ್ಷಣ ಒಳಿತಾಗುತ್ತದೆಂಬ ಭರವಸೆಯನ್ನೂ ನಾವು ಕೊಡಲಾರೆವು. ಮೇಲೆ ಹೇಳಿದ ಶ್ರೀನಿವಾಸ್ ಅವರ ವಿಷಯವನ್ನೇ ನೋಡಬಹುದು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಗ್ರಾಮದಲ್ಲಿಯೇ ಅವರು ನೆಲೆ ನಿಂತರು. ಜನರಿಗೆ ಔಷಧ ಕೊಟ್ಟರು, ಮನೆ ಕಟ್ಟಿಸಲು ನೆರವಾದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಕಳ್ಳಸಾಗಣೆಗೆ ಇಳಿದಿದ್ದ ಹಲವರು ಅವರ ಮಾತಿಗೆ ಓಗೊಟ್ಟು ಶರಣಾದರು. ಶರಣಾಗುತ್ತೇನೆಂದು ವೀರಪ್ಪನ್ ಹೇಳಿ ಕಳುಹಿಸಿದಾಗ ಅವರು ಆಯುಧವಿಲ್ಲದೆ ಹೋದರು, ಮರಳಿ ಬರಲಿಲ್ಲ. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಅವರದು ದುಡುಕು, ಅತಿ ನಂಬಿಕೆ ಎಂದು ವಾದಿಸುವವರಿದ್ದಾರೆ. ವಾದಿಸಲಿ. ಬಂದೂಕು ಹಿಡಿದು ಬಂದವರೂ ಆ ಕಾಡಿನಲ್ಲಿ ಉಳಿಯಲಿಲ್ಲವಷ್ಟೆ. ಅಷ್ಟೊಂದು ಮಂದಿ ಅಧಿಕಾರಿಗಳು ಬಂದು ಹೋದ ಗೋಪಿನಾಥಂನಲ್ಲಿ ಜನ ಇಂದಿಗೂ ಭಕ್ತಿಯಿಂದ ನೆನೆಯುವುದು ನಿರಾಯುಧನಾಗಿ ಹೋದ ಆ ಒಬ್ಬರನ್ನು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪಾರಪಟ್ಟಿಯಲ್ಲಿ ವೀರಪ್ಪನ್ ಗುಂಡಿಗೆ ಬಲಿಯಾದಾಗ ಪಟಾಕಿ ಹೊಡೆದವರು ಹಲವರು. ಆದರೆ 2002ರಲ್ಲಿ ಕಾಮಗೆರೆಯ ಮನೆಯಿಂದ ಅಪಹೃತರಾಗಿ ಮೂರೂವರೆ ತಿಂಗಳ ಮೇಲೆ ಕಾಡಿನಲ್ಲಿ ಶವವಾಗಿ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪನವರಾಗಲಿ, ಪಾಲಾರಿನ 22 ಮಂದಿಯಾಗಲಿ ಆ ಪಟಾಕಿಯ ಸದ್ದಿಗೆ ಎದ್ದು ಬರಲಿಲ್ಲ.

ಕಾಡುಗಳ್ಳನ ಕಾಲ ಮುಗಿಯಿತು, ಇನ್ನೇನು ಎನ್ನುವಂತಿಲ್ಲ. 2018ರ ಡಿಸೆಂಬರ್ 14ರಂದು ಮಾರ್ಟಳ್ಳಿಗೆ ಹತ್ತಿರದ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಮಂದಿ ಪ್ರಾಣ ಕಳೆದುಕೊಂಡರು. ಗುಡಿಯ ಆಡಳಿತದ ವೈಷಮ್ಯದಿಂದ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಯಿತೆಂಬುದು ಪೊಲೀಸರ ಆರೋಪ. ತಿಂದು ಸತ್ತವರಿಗೆ ಆ ವೈಷಮ್ಯದ ಗಂಧಗಾಳಿಯೂ ಇರಲಿಲ್ಲ. ಹಸಿದು ಬಂದಿದ್ದ ಬಡ ಕೂಲಿಕಾರರು, ಹೆಂಗಸರು, ಮಕ್ಕಳು. ಮುಯ್ಯಿ ವಿಳಾಸ ತಪ್ಪುವುದೆಂದರೆ ಇದು.

ಕ್ಷಮೆ ಫಲ ಕೊಟ್ಟ ನಿದರ್ಶನಗಳೂ ಉಂಟು. ಮಧ್ಯಪ್ರದೇಶದ ಇಂದೋರಿನ ಕಡೆ ಬಡ ರೈತರನ್ನು ಸಾಲದ ಸುಳಿಯಿಂದ ಬಿಡಿಸಲು ದುಡಿಯುತ್ತಿದ್ದ ಧರ್ಮಭಗಿನಿ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಿಂದ ಎಳೆದು ಇರಿದು ಕೊಂದರು. ಕೊಂದವನಿದ್ದ ಸೆರೆಮನೆಗೆ 2002ರಲ್ಲಿ ಅವರ ಸ್ವಂತ ತಂಗಿ, ತಾವೂ ಧರ್ಮಭಗಿನಿಯಾದ ಸೆಲ್ಮಿ ಪೌಲ್, ಹೋಗಿ ಅವನ ಕೈಗೆ ರಾಖಿ ಕಟ್ಟಿದರು. 2006ರಲ್ಲಿ ಆತ ಬಿಡುಗಡೆಯಾಗಲು ಆ ಕುಟುಂಬವೇ ನೆರವಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದ ಪೂಜೆಯಲ್ಲಿ ಆತನೂ ಜನರ ನಡುವೆ ಕುಳಿತಿದ್ದನು. ರಾಖಿ ಕಟ್ಟುವ ಮುನ್ನ ಏಳು ವರ್ಷಗಳು ಕಳೆದಿದ್ದವೆಂಬುದನ್ನು ನಾವು ಗಮನಿಸಬೇಕು. ಧರ್ಮಭಗಿನಿಗೂ ಏಳು ವರ್ಷ ಹಿಡಿಯಿತು. ಮಗನನ್ನು ಕಳೆದುಕೊಂಡ ಮನೆಗೆ ನಾಲ್ವತ್ತು ದಿನಗಳ ತಪಸ್ಸು ಕಾಲದೊಳಗೆ ಕ್ಷಮಿಸಿಬಿಡಿ ಎಂದು ಅವಸರ ಪಡಿಸುವುದು ನಮ್ಮ ಕೆಲಸವಲ್ಲ.

ಸತ್ತೇಗಾಲದಿಂದ ಪಾಲಾರ್‌ವರೆಗಿನ ನಮ್ಮ ಓದುಗ ಕುಟುಂಬಗಳಲ್ಲಿ ಬಹುತೇಕ ಮಂದಿಗೆ ಕೊಲೆಯಂತಹ ಲೆಕ್ಕಗಳಿಲ್ಲ, ದೇವರ ದಯೆ. ಇರುವುದು ಬದುವಿನ ಜಗಳ, ಕೊಳವೆಬಾವಿಯ ನೀರಿನ ಸರದಿ, ಮುರಿದುಬಿದ್ದ ಸಂಬಂಧ, ಪಂಚಾಯಿತಿ ಚುನಾವಣೆಯಲ್ಲಿ ಆಡಿದ ಒಂದು ಮಾತು. ಬದುವನ್ನು ಒಂದು ಗೇಣು ಒತ್ತಿದ ಕಾರಣಕ್ಕೆ ಮೂರು ತಲೆಮಾರಿನಿಂದ ಮಾತುಬಿಟ್ಟ ದಾಯಾದಿಗಳು ಒಂದೇ ದೇವಾಲಯದಲ್ಲಿ ಒಂದೇ ಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಪರಸ್ಪರ ಶಾಂತಿ ಕೋರುವ ಹೊತ್ತಿಗೆ ಕಣ್ಣು ತಪ್ಪಿಸಲು ಅನುಕೂಲವಾಗುವಂತೆ ಅವರು ಕುಳಿತುಕೊಳ್ಳುವ ಜಾಗಗಳೂ ನಿಗದಿಯಾಗಿವೆ. ಸತ್ತವರ ಮಣ್ಣಿಗೂ ಬಾರದವರುಂಟು. ಮಕ್ಕಳಿಗೆ ಜಗಳದ ಕಾರಣವೇ ಗೊತ್ತಿರುವುದಿಲ್ಲ, ಆದರೆ ಯಾರ ಮನೆಯ ನೀರು ಕುಡಿಯಬಾರದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಮ್ಮ ಮೇಲೇನೋ ಮನಸ್ತಾಪವಿದೆಯೆಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕೆಂದು ಪ್ರಭು ಹೇಳಿದರು. ಅವರು ಹೇಳಿದ್ದು ನಮಗೆ ಅವನ ಮೇಲೆ ಇರುವ ಸಿಟ್ಟಿನ ವಿಷಯವಲ್ಲ, ಅವನಿಗೆ ನಮ್ಮ ಮೇಲೆ ಇರುವ ಸಿಟ್ಟಿನ ವಿಷಯ. ಮೊದಲು ಎದ್ದು ಹೋಗಬೇಕಾದವರು ನಾವು. ಈ ಸಣ್ಣ ವ್ಯತ್ಯಾಸವನ್ನು ಗಮನಿಸದೆ ಎಷ್ಟೋ ವರ್ಷ ಆ ವಾಕ್ಯವನ್ನು ಕೇಳಿದ್ದೇವೆ.

ಕೊನೆಯದಾಗಿ ನಮ್ಮ ಧರ್ಮಕೇಂದ್ರಗಳ ಗುರುಗಳಿಗೂ ಪಾಲನಾ ಸಮಿತಿಗಳಿಗೂ ಒಂದು ವಿನಂತಿ. ಶುಭ ಶುಕ್ರವಾರದ ಆರಾಧನಾ ವಿಧಿಯಲ್ಲಿ ಲೋಕದ ಎಲ್ಲರಿಗಾಗಿ, ನಮ್ಮ ನಂಬಿಕೆಯನ್ನು ಒಪ್ಪದವರಿಗಾಗಿಯೂ, ಸಾಲಾಗಿ ಪ್ರಾರ್ಥಿಸುವ ಭಾಗವೊಂದಿದೆ. 1993ರ ಆ ಶುಕ್ರವಾರವನ್ನು ಕಂಡ ಈ ಸೀಮೆಯ ದೇವಾಲಯಗಳಲ್ಲಿ, ಸಂಜೆಯ ಶಿಲುಬೆಹಾದಿಯ ಕೊನೆಗಾದರೂ, ಒಂದಿಷ್ಟು ಹೆಸರುಗಳನ್ನು ಓದಿ ಪ್ರಾರ್ಥಿಸಬಾರದೇಕೆ? ಪಾಲಾರಿನಲ್ಲಿ ಸತ್ತವರು, ರಾಮಾಪುರ, ಮೀಣ್ಯಗಳಲ್ಲಿ ಮಡಿದ ಪೊಲೀಸರು, ‘ವರ್ಕ್‌ಶಾಪಿ’ನಿಂದ ಬಂದು ಚೇತರಿಸಿಕೊಳ್ಳಲಾರದೆ ಹೋದವರು, ಸೆರೆಮನೆಯಲ್ಲಿ ಕಣ್ಣುಮುಚ್ಚಿದವರು. ಮನೆಯವರ ಒಪ್ಪಿಗೆ ಕೇಳಿಯೇ ಬರೆದುಕೊಳ್ಳಬೇಕು; ಬೇಡವೆಂದವರನ್ನು ಒತ್ತಾಯಿಸಬಾರದು. ಹಿಂದೂ, ಮುಸ್ಲಿಂ, ಕ್ರೈಸ್ತ ಹೆಸರುಗಳು ಒಂದೇ ಹಾಳೆಯಲ್ಲಿರಲಿ. ಯಾರು ಯಾವ ಕಡೆಯವರೆಂದು ಓದುವವರು ಹೇಳಬೇಕಾಗಿಲ್ಲ. ಅಕಾರಾದಿಯಾಗಿ ಓದಿದರೆ ಸಾಕು.